ಚಾಂದಣಿ ಇಳಿಸುವ ದಿನ

ಸಂಕ್ರಾಂತಿಯಾಗಿ ಮೂರು ದಿನವಾಗಿತ್ತು. ತಂಗಿಯ ಮೊಮ್ಮಗಳ ತೊಟ್ಟಿಲಿಗೆಂದು ಪುಣೆಗೆ ಹೋದವನು, ಕೋಥರೂಡಿನ ಅವರ ಮನೆಯಲ್ಲಿ ಊಟ ಮುಗಿಸಿ, ಎಲ್ಲರೂ ಅಡ್ಡಾದ ಹೊತ್ತು ನೋಡಿ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಮೆಟ್ರೊ ಹತ್ತಿ, ಸಿವಿಲ್ ಕೋರ್ಟಿನಲ್ಲಿ ಗಾಡಿ ಬದಲಿಸಿ, ಮಂಡಯಿಯಲ್ಲಿ ಇಳಿದೆ. ನಾನು ಪುಣೆಯಲ್ಲಿದ್ದಾಗ ಮಂಡಯಿಗೆ ಹೋಗುವುದೆಂದರೆ ಸೈಕಲ್ ಹ್ಯಾಂಡಲ್ಲಿಗೆ ಕೈಚೀಲ ಸಿಕ್ಕಿಸಿಕೊಂಡು ಹೋಗುವುದು. ಈಗ ನೆಲದ ಹೊಟ್ಟೆಯೊಳಗಿಂದ ಎಸ್ಕಲೇಟರು ನನ್ನನ್ನು ಮೇಲೆತ್ತಿ ಅದೇ ಹಳೆಯ ಗೋಪುರದ ಹತ್ತಿರ ತಂದು ಬಿಟ್ಟಿತು. ಕಾಲುಗಳು ನನ್ನನ್ನು ಕೇಳದೆ ಬಾಜೀರಾವ್ ರಸ್ತೆ ದಾಟಿ ಸದಾಶಿವ ಪೇಠದ ಕಡೆ ತಿರುಗಿದವು.

ನಾನಿದ್ದ ವಾಡೆ ಈಗಿಲ್ಲ ಎಂಬುದು ಗೊತ್ತಿತ್ತು. ಆ ಜಾಗದಲ್ಲಿ ಐದು ಅಂತಸ್ತು ಎದ್ದಿದೆ. ಕೆಳಗೆ ಒಂದು ಝೆರಾಕ್ಸ್ ಅಂಗಡಿ, ಅದರ ಮೇಲೆ 'ಅಭ್ಯಾಸಿಕಾ'. ಅಂದರೆ ಎಂಪಿಎಸ್‌ಸಿ ಪರೀಕ್ಷೆಗೆ ಓದುವ ಹಳ್ಳಿಯ ಹುಡುಗರು ತಿಂಗಳ ಲೆಕ್ಕದಲ್ಲಿ ಕುರ್ಚಿ ಬಾಡಿಗೆಗೆ ಹಿಡಿಯುವ ಓದುಕೋಣೆ. ಇವತ್ತಿನ ಸದಾಶಿವ ಪೇಠ ಅರ್ಧಕ್ಕರ್ಧ ಇವರ ಮೇಲೆಯೇ ನಡೆಯುತ್ತದೆ. ಮೂರನೇ ಮಹಡಿಯ ಕಿಟಕಿಯ ಗ್ರಿಲ್ಲಿಗೆ ಒಂದು ಚಾಂದಣಿ ನೇತಾಡುತ್ತಿತ್ತು. ಐದು ಮೂಲೆಯ ನಕ್ಷತ್ರದ ಆಕಾಶಬುಟ್ಟಿ. ದೀಪಾವಳಿಗೆ ಕಟ್ಟಿದ್ದು. ಕೆಂಪು ಬಣ್ಣ ಹಾರಿ ಬೆಳೆದ ಪೇರಲದ ಒಳತಿರುಳಿನ ಬಣ್ಣಕ್ಕೆ ಬಂದಿತ್ತು. ಒಂದು ಮೂಲೆ ಹರಿದು ಗಾಳಿಗೆ ಪಟಪಟ ಎನ್ನುತ್ತಿತ್ತು. ಎದುರಿನ ಚಹಾದವನನ್ನು ಕೇಳಿದೆ: ಇದು ಇನ್ನೂ ಇಲ್ಲೇ ಇದೆಯಲ್ಲ?

"ಯಾರು ಕಟ್ಟಿದ್ದೋ ಸಾಹೇಬ, ಹುಡುಗರು ಬರ್ತಾರೆ, ಹೋಗ್ತಾರೆ," ಎಂದ. ಅವನಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ.

ನಲವತ್ತು ವರ್ಷದ ಹಿಂದೆ ಇದೇ ಓಣಿಯಲ್ಲಿ ಅದೇ ದೊಡ್ಡ ಪ್ರಶ್ನೆ. ಕಂದೀಲು ಯಾವಾಗ ಕಟ್ಟಬೇಕೆಂಬುದಕ್ಕೆ ತಕರಾರಿರಲಿಲ್ಲ. ವಸುಬಾರಸಿಗೆ ಆಕಳ ಪೂಜೆಯಾದ ಸಂಜೆ ಎಲ್ಲರ ಮನೆಯ ಮುಂದೂ ಏರುತ್ತಿತ್ತು. ಯಾವಾಗ ಇಳಿಸಬೇಕೆಂಬುದಕ್ಕೆ ಮಾತ್ರ ಮನೆಗೊಂದು ಶಾಸ್ತ್ರ. ಭಾವುಬೀಜ ಮುಗಿದ ಮರುದಿನವೇ ಇಳಿಸಿ, ಕರೆಂಟು ಉಳಿಸಿ, ಅದನ್ನೇ ಸಂಪ್ರದಾಯ ಎನ್ನುವವರು ಕೆಲವರು. ತುಳಸಿ ಲಗ್ನದವರೆಗೆ ಇರಬೇಕೆನ್ನುವವರು ಕೆಲವರು. ತ್ರಿಪುರಿ ಹುಣ್ಣಿಮೆ ಎನ್ನುವವರೇ ಹೆಚ್ಚು. ಕೊಂಕಣದಿಂದ ಬಂದ ಮನೆತನದವರು ಮಾರ್ಗಶಿರದ ಪಾಡ್ಯದ ದೇವದಿವಾಳಿಯವರೆಗೂ ಎಳೆಯುತ್ತಿದ್ದರು. ಹುಡುಗರು ಮಣ್ಣಿನಲ್ಲಿ ಕಟ್ಟಿದ 'ಕಿಲ್ಲೆ'ಗೆ ಈ ಯಾವ ನಿಯಮವೂ ಇರಲಿಲ್ಲ. ಕೋಟೆಯ ಮೇಲೆ ಶಿವಾಜಿ ಮಹಾರಾಜರು, ಬುಡದಲ್ಲಿ ಮಾವಳೆ ಸೈನಿಕರು, ಇಳಿಜಾರಿನಲ್ಲಿ ಹುಲ್ಲಿನಂತೆ ಕಾಣಲೆಂದು ಬಿತ್ತಿದ ಸಾಸಿವೆ. ಸಾಸಿವೆ ಹಳದಿಗೆ ತಿರುಗಿ ಒರಗುವ ಹೊತ್ತಿಗೆ ಹುಡುಗರು ಕ್ರಿಕೆಟ್ಟಿಗೆ ಹೋಗಿರುತ್ತಿದ್ದರು. ಮಹಾರಾಜರನ್ನು ಯಾರಾದರೊಬ್ಬ ತಾಯಿ ತೊಳೆದು ಒಳಗಿಡುತ್ತಿದ್ದಳು, ಕೋಟೆಯನ್ನು ಬೆಕ್ಕುಗಳು ಆಳುತ್ತಿದ್ದವು.

ನಾನು ಧಾರವಾಡದವನು, ಮಾಳಮಡ್ಡಿ. ನಮ್ಮಲ್ಲಿ ಈ ಗೊಂದಲವೇ ಇರಲಿಲ್ಲ. ಗೌರಿ ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಓಣಿಯಲ್ಲಿ ಹೋಗಬೇಕು, ಅವರ ದಾರಿಗೆ ಆಕಾಶಬುಟ್ಟಿಯ ಬೆಳಕಿರಬೇಕು. ಮರುದಿನ ಬೆಳಿಗ್ಗೆ ಅವ್ವ ಸೆರಗು ಕಟ್ಟಿ ಸ್ಟೂಲು ಹತ್ತಿ ಅದನ್ನು ಇಳಿಸುತ್ತಿದ್ದಳು. ಹಾಳೆ ಹರಿದು ಬಚ್ಚಲ ಒಲೆಗೆ, ಬಿದಿರ ಕಡ್ಡಿಯ ಅಸ್ಥಿಪಂಜರ ಅಟ್ಟಕ್ಕೆ. ಬುಟ್ಟಿ ಕಟ್ಟುವ ದಿನ ಅಪ್ಪ, ನಾವು ಮೂವರು ಮಕ್ಕಳು, ಪಕ್ಕದ ಮನೆಯ ಮಾಮಾ ಎಲ್ಲರೂ ಇರುತ್ತಿದ್ದೆವು. ಅಂಟು ಕಾಯಿಸಲು ಒಬ್ಬರು, ಜಿಲೇಟಿನ್ ಹಾಳೆ ಹಿಡಿಯಲು ಒಬ್ಬರು, ಸುಮ್ಮನೆ ಸಲಹೆ ಕೊಡಲು ಇಬ್ಬರು. ಇಳಿಸುವ ದಿನ ಅವ್ವನ ಹೊರತು ಯಾರೂ ಇದ್ದದ್ದು ನನಗೆ ನೆನಪಿಲ್ಲ.

1982ರಲ್ಲಿ ಕರಾವಳಿ ಮೂಲದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಪುಣೆಗೆ ಬಂದೆ. ಶಾಖೆ ಲಕ್ಷ್ಮೀ ರಸ್ತೆಯ ಹತ್ತಿರ. ಸದಾಶಿವ ಪೇಠದ ವಾಡೆಯಲ್ಲಿ ಮೇಲಿನ ಗ್ಯಾಲರಿಗೆ ಹೊಂದಿಕೊಂಡ ಒಂದು ಖೋಲಿ ಸಿಕ್ಕಿತು. ತಿಂಗಳಿಗೆ 125 ರೂಪಾಯಿ, ಲೈಟಿನ ಪಾಯಿಂಟಿಗೆ ಬೇರೆ. ಮಾಲಕಿಯನ್ನು ಎಲ್ಲರೂ ಆಜಿ ಎನ್ನುತ್ತಿದ್ದರು. ವಿಧವೆ, ಎಪ್ಪತ್ತರ ಹತ್ತಿರದ ವಯಸ್ಸು, ಕಚ್ಚೆ ಸೀರೆ, ಮುಂಜಾನೆ ಐದಕ್ಕೆ ರೇಡಿಯೊ. ಬಾಗಿಲ ಮೇಲೆ ಆಕೆಯೇ ಸುಣ್ಣದ ಬರಹದಲ್ಲಿ ಬರೆದ ಹಲಗೆ: 'ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಕಡಿ ಬಡಿದವರಿಗೆ ನಾಲ್ಕಕ್ಕೇ ಬಾಗಿಲು ತೆರೆಯಲಾಗುವುದು.' ಪುಣೆಯ ಪಾಟಿಗಳನ್ನು ಈಗ ಜನ ಫೋಟೊ ತೆಗೆದು ನಗುತ್ತಾರೆ. ಅವುಗಳ ಕೆಳಗೆ ಬಾಡಿಗೆಗಿದ್ದವರಿಗೆ ಅಷ್ಟು ನಗು ಬರುತ್ತಿರಲಿಲ್ಲ.

ನನ್ನನ್ನು ಆಕೆ ಧಾರವಾಡಕರ ಎಂದು ಕರೆಯುತ್ತಿದ್ದಳು. ಧಾರವಾಡದವನೆಂದರೆ ಆಕೆಗೆ ಒಂದು ಗೌರವವಿತ್ತು, ಅದು ನನ್ನ ಗಳಿಕೆಯಲ್ಲ. ಗದಗಿನ ಭೀಮಸೇನ ಜೋಶಿಯವರು ಪುಣೆಯವರೇ ಆಗಿಹೋಗಿದ್ದರು, ಕುಂದಗೋಳದ ಗುರುವಿನ ಹೆಸರಿನಲ್ಲಿ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವ ನಡೆಸುತ್ತಿದ್ದರು. ಅವರ ಪುಣ್ಯದ ಒಂದು ತುಣುಕು ನನ್ನ ಬಾಡಿಗೆಯ ಲೆಕ್ಕಕ್ಕೂ ಜಮೆಯಾಗುತ್ತಿತ್ತು.

1984ರ ಬೇಸಿಗೆಯಲ್ಲಿ ನಮ್ಮ ಶಾಖೆಗೆ ಹೊಸಬನೊಬ್ಬ ವರ್ಗವಾಗಿ ಬಂದ. ಮಂಗಳೂರಿನ ಬಜಪೆ ಕಡೆಯವನು, ಆರಡಿ ಎತ್ತರ, ಮಾತಿಗೆ ಮುಂಚೆ "ಎಂತ ಮಾರಾಯ". ನನ್ನ ಕನ್ನಡ ಅವನಿಗೆ ಜಗಳದಂತೆ ಕೇಳುತ್ತಿತ್ತು, ಅವನ ಕನ್ನಡ ನನಗೆ ಪಠ್ಯಪುಸ್ತಕದಂತೆ. ಲಾಡ್ಜಿನಲ್ಲಿ ಅವನ ಸಂಬಳವೆಲ್ಲ ಹೋಗುತ್ತಿತ್ತು. ನನ್ನ ಖೋಲಿಗೆ ಬಂದುಬಿಡು ಎಂದೆ. ಅವನು ಕ್ಯಾಥೊಲಿಕ್. ಆಜಿಯ ವಾಡೆಯಲ್ಲಿ ಅದು ನಡೆಯುವ ಮಾತಲ್ಲ. ಆದರೆ ಅವರ ಮನೆತನಕ್ಕೆ ಮತಾಂತರಕ್ಕೂ ಮುಂಚಿನ ಕೊಂಕಣಿ ಹೆಸರೊಂದಿತ್ತು, ಪ್ರಭು ಎಂದು. ಮಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಈ ಹಳೆಯ ಅಡ್ಡಹೆಸರುಗಳು ಇಂದಿಗೂ ನೆನಪಿನಲ್ಲಿವೆ. ನಾನು ಆಜಿಗೆ ಅದೊಂದನ್ನೇ ಹೇಳಿದೆ.

"ಪ್ರಭು ಅಂದರೆ ಸಾರಸ್ವತರೇ? ಮೀನು?" ಎಂದಳು.

"ಖೋಲಿಯೊಳಗ ಅಡಿಗಿನ ಮಾಡೂದಿಲ್ಲ, ಖಾನಾವಳಿ," ಎಂದೆ. ಪ್ರಶ್ನೆಯ ಮೊದಲರ್ಧಕ್ಕೆ ನಾನು ಉತ್ತರ ಕೊಡಲಿಲ್ಲ ಎಂಬುದು ಆಕೆಗೆ ತಿಳಿಯಲಿಲ್ಲ. ತಿಳಿದಿರಲಿಲ್ಲ ಎಂದು ನಾನು ಅಂದುಕೊಂಡೆ.

ಎಷ್ಟೋ ವರ್ಷ ಈ ಕಥೆಯನ್ನು ಗೆಳೆಯರ ನಡುವೆ ನಾನು ನಗಿಸಲೆಂದೇ ಹೇಳಿದ್ದೇನೆ. ಇಬ್ಬರು ಕಾನಡಿ ಹುಡುಗರು ಸೇರಿ ಪೇಶ್ವೆಗಳ ಪೇಠದ ಮುದುಕಿಯನ್ನು ಯಾಮಾರಿಸಿದ ಕಥೆ. ಚಪ್ಪಾಳೆ ಬೀಳುವ ಜಾಗಕ್ಕೆ ಬಂದು ನಿಲ್ಲಿಸುತ್ತಿದ್ದೆ. ಅದರಾಚೆಗೂ ಕಥೆಯಿತ್ತು.

ಆ ವರ್ಷದ ದೀಪಾವಳಿ ಅಕ್ಟೋಬರ್ 24ಕ್ಕೆ. ನಾವಿಬ್ಬರೂ ಊರಿಗೆ ಹೋಗಲಿಲ್ಲ, ರಜೆ ಸಿಗಲಿಲ್ಲ. ತುಳಶೀಬಾಗಿನ ಹತ್ತಿರ ಹನ್ನೆರಡು ರೂಪಾಯಿ ಕೊಟ್ಟು ಕೆಂಪು ಚಾಂದಣಿ ತಂದೆವು. ಅವನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ನಮ್ಮ ಕ್ರಿಸ್ಮಸಿನ ನಕ್ಷತ್ರವೇ ಅಲ್ವಾ? ನಿಮ್ಮವರು ಎರಡು ತಿಂಗಳು ಮುಂಚೆ ಕಟ್ಟುದು ಎಂತಕ್ಕೆ?" ಎಂದು ನಕ್ಕ. ಆಜಿಯ ಕೋಠಿಯಿಂದ ಏಣಿ ಕೇಳಿ ತಂದೆವು. ಏಣಿ ಆಕೆಯ ಬೀಗದೊಳಗೇ ಇರುತ್ತಿತ್ತು, ಕೇಳಿದರೆ ಕಾರಣ ಹೇಳಬೇಕು, ತಿರುಗಿ ಕೊಡುವಾಗ ಮೆಟ್ಟಿಲು ಎಣಿಸಿ ಕೊಡಬೇಕು. ಅವನು ಎತ್ತರದವನಾದ್ದರಿಂದ ಅವನೇ ಹತ್ತಿದ. ಗ್ಯಾಲರಿಯ ತೊಲೆಯ ಮೊಳೆಗೆ ಸುತಳಿ ಸುತ್ತಿ, ತನ್ನೂರಿನಲ್ಲಿ ಹೋರಿ ಕಟ್ಟುವ ಗಂಟು ಹಾಕಿದ. "ಎಳೆದಷ್ಟೂ ಬಿಗಿ ಆಗ್ತದೆ, ಬಿಚ್ಚುದು ಗೊತ್ತಿದ್ದವನಿಗೆ ಮಾತ್ರ ಬಿಚ್ಚಲಿಕ್ಕೆ ಆಗುದು," ಎಂದು ಮೇಲಿಂದಲೇ ಜಂಬ ಕೊಚ್ಚಿದ.

ಒಂದು ವಾರ ಉರಿಯಿತು. ಅಕ್ಟೋಬರ್ 31ರ ಮಧ್ಯಾಹ್ನ ಬ್ಯಾಂಕಿನಲ್ಲಿ ಪಿಸುಮಾತು ಶುರುವಾಯಿತು, ಸಂಜೆಗೆ ಆಕಾಶವಾಣಿ ಹೇಳಿತು. ಇಂದಿರಾ ಗಾಂಧಿಯವರ ಹತ್ಯೆ. ನಾವು ವಾಡೆಗೆ ಬರುವ ಹೊತ್ತಿಗೆ ಓಣಿಯಲ್ಲಿ ಇನ್ನೂ ಕಂದೀಲುಗಳು ಉರಿಯುತ್ತಿದ್ದವು, ಯಾರಿಗೂ ಅವುಗಳ ನೆನಪಿರಲಿಲ್ಲ. ಆಜಿಗೆ ನೆನಪಿತ್ತು. ಆಕೆ ಅಷ್ಟು ವೇಗವಾಗಿ ಮೆಟ್ಟಿಲು ಹತ್ತಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಗ್ಯಾಲರಿಯ ಉದ್ದಕ್ಕೂ ನಡೆದು ಒಂದೊಂದೇ ಸ್ವಿಚ್ಚು ಆರಿಸಿದಳು. ನಮ್ಮದರ ಹತ್ತಿರ ನಿಂತು, ಉಸಿರು ಹಿಡಿದುಕೊಂಡು, "ಒಂದು ದೀಪ ಕಂಡರೂ ಸಾಕು, ಹಬ್ಬ ಮಾಡ್ತಿದ್ದಾರೆ ಅಂತಾರೆ," ಎಂದಳು.

ಆಕೆಯ ಗಂಡನ ಮನೆ ಸಾತಾರಾ ಜಿಲ್ಲೆಯ ಹಳ್ಳಿಯಲ್ಲಿತ್ತು. 1948ರ ಜನವರಿ 30ರಂದು ಗಾಂಧೀಜಿಯನ್ನು ಕೊಂದವನು ಪುಣೆಯಲ್ಲಿ ಪತ್ರಿಕೆ ನಡೆಸುತ್ತಿದ್ದ ಬ್ರಾಹ್ಮಣ. ಮುಂದಿನ ದಿನಗಳಲ್ಲಿ ಸಾತಾರಾ, ಸಾಂಗ್ಲಿ, ಕೊಲ್ಹಾಪುರದ ಕಡೆ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಪೇಢೆ ಹಂಚಿದರಂತೆ ಎಂಬ ಮಾತು ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹಬ್ಬಿದ್ದೇ ಸಾಕಾಗಿತ್ತು. ಆಜಿಯ ಮನೆಯೂ ಹಾಗೆಯೇ ಸುಟ್ಟುಹೋಗಿತ್ತು. ಇದನ್ನು ಆಕೆ ನಮಗೆ ಹೇಳಿದ್ದು ಆ ರಾತ್ರಿ, ಕತ್ತಲೆಯ ಗ್ಯಾಲರಿಯಲ್ಲಿ, ತೀರ ಸಣ್ಣ ದನಿಯಲ್ಲಿ. ನಡುವೆ ಒಮ್ಮೆ ಪ್ರಭುವಿನ ಕಡೆ ತಿರುಗಿ, "ನೀನೇನು ಮಾಡಿದ್ದೀ ಅಂತ ಯಾರೂ ಕೇಳೋದಿಲ್ಲ, ನೀನು ಯಾರು ಅಂತ ಕೇಳ್ತಾರೆ," ಎಂದಳು. ಅವನು ತಲೆಯಾಡಿಸಿದ. ಆ ಕತ್ತಲೆಯಲ್ಲಿ ಅವನ ಮುಖ ನನಗೆ ಕಾಣಲಿಲ್ಲ. ಕಾಣಬಾರದೆಂದು ನಾನು ಬೇರೆ ಕಡೆ ನೋಡುತ್ತಿದ್ದೆನೋ ಏನೋ.

ರಾಷ್ಟ್ರೀಯ ಶೋಕ ಮುಗಿಯುವಷ್ಟರಲ್ಲಿ ತುಳಸಿ ಲಗ್ನವೂ ತ್ರಿಪುರಿ ಹುಣ್ಣಿಮೆಯೂ ದಾಟಿಹೋಗಿದ್ದವು. ಎಲ್ಲರ ಶಾಸ್ತ್ರವೂ ತಪ್ಪಿತ್ತು. ಒಂದು ವಾರ ಮಾತ್ರ ಉರಿದ ಕಂದೀಲನ್ನು ಇಳಿಸಬೇಕೋ ಬೇಡವೋ? ವಾಡೆಯ ಹೆಂಗಸರು ನಲ್ಲಿಯ ಹತ್ತಿರ ಇದನ್ನೇ ಚರ್ಚಿಸಿದರು. ಕೊನೆಗೆ ಆಜಿ ತೀರ್ಪು ಕೊಟ್ಟಳು: ದೇವದಿವಾಳಿಯವರೆಗೆ ಇರಲಿ, ಈ ವರ್ಷಕ್ಕೆ. ದೇವದಿವಾಳಿಯಾದ ಮೇಲೆ ಉಳಿದವರು ಇಳಿಸಿದರು. ನಮ್ಮದು ಉಳಿಯಿತು. ಪ್ರಭು ಏನೂ ಕೇಳಿರಲಿಲ್ಲ. ಒಂದು ರಾತ್ರಿ ಮಲಗಿದಲ್ಲಿಂದಲೇ, "ಇನ್ನು ಒಂದು ತಿಂಗಳು ಇದ್ರೆ ಕ್ರಿಸ್ಮಸಿಗೆ ಆಗ್ತಿತ್ತು," ಎಂದಿದ್ದ ಅಷ್ಟೆ. ಮರುದಿನ ನಾನು ಆಜಿಯ ಹತ್ತಿರ ಹೋಗಿ, ನಮ್ಮ ಕರ್ನಾಟಕದಲ್ಲಿ ಧನುರ್ಮಾಸ ಮುಗಿಯುವವರೆಗೆ ಆಕಾಶಬುಟ್ಟಿ ಇಳಿಸುವುದಿಲ್ಲ ಎಂದು ಸುಳ್ಳು ಹೇಳಿದೆ. ಮಾಳಮಡ್ಡಿಯ ನನ್ನ ಅವ್ವ ಕೇಳಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದಳು. ಆಜಿ ನನ್ನನ್ನು ಒಂದು ಗಳಿಗೆ ನೋಡಿ, "ಒಂದು ಪಾಯಿಂಟಿನ ದುಡ್ಡು ಹೆಚ್ಚಾಗುತ್ತೆ," ಎಂದಳು.

ಹೀಗೆ 1984ರ ಡಿಸೆಂಬರಿನಲ್ಲಿ, ಲೋಕಸಭಾ ಚುನಾವಣೆಯ ಭಿತ್ತಿಪತ್ರಗಳು ಗೋಡೆಗೋಡೆಗೂ ಅಂಟಿದ್ದಾಗ, ಸದಾಶಿವ ಪೇಠದ ಒಂದು ಬ್ರಾಹ್ಮಣ ವಾಡೆಯ ಗ್ಯಾಲರಿಯಲ್ಲಿ ಕ್ರಿಸ್ತನ ಜನನದ ನಕ್ಷತ್ರ ಧನುರ್ಮಾಸದ ಹೆಸರಿನಲ್ಲಿ ಉರಿಯಿತು. 24ರ ರಾತ್ರಿ ಪ್ರಭು ನನ್ನ ಸೈಕಲ್ಲು ತೆಗೆದುಕೊಂಡು ಕ್ಯಾಂಪಿನ ಚರ್ಚಿಗೆ ಹೋದ, ಸೆಕೆಂಡ್ ಶೋ ಸಿನೆಮಾ ಎಂದು ಹೇಳಿ. ಹೊರಡುವ ಮುಂಚೆ ಅವನಿಗೆ ಪಂಚಹೌದ ಮಿಶನ್ನಿನ ಚಹಾದ ಕಥೆ ಹೇಳಿದ್ದೆ. 1890ರಲ್ಲಿ ಇದೇ ಪುಣೆಯ ಗಣ್ಯರು, ರಾನಡೆ, ಟಿಳಕರೂ ಸೇರಿ, ಆ ಮಿಶನ್ನಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತಿದ್ದಕ್ಕೆ ಊರು ರಾದ್ಧಾಂತವಾಗಿ, ವಿಷಯ ಶಂಕರಾಚಾರ್ಯರವರೆಗೆ ಹೋಗಿ, ರಾನಡೆಯವರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಚಹಾಕ್ಕೇ ಅಷ್ಟಾದ್ರೆ ನೆವ್ರಿಗೆ ಎಷ್ಟು ಮಾರಾಯ?"

ನೆವ್ರಿ ಎಂದರೆ ಕರಿಗಡುಬಿನ ಥರದ ತಿಂಡಿ. ಅವನ ಅಮ್ಮ ಕುಸ್ವಾರಿನ ಪಾರ್ಸೆಲ್ಲು ಕಳಿಸಿದ್ದರು: ನೆವ್ರಿ, ಕಿಡಿಯೊ, ಕೊಕ್ಕಿಸಾಂ, ಚಕ್ಕುಲಿ. ಬಿಳಿ ಬಟ್ಟೆಯಲ್ಲಿ ಹೊಲಿದ ಡಬ್ಬಿ, ಮೇಲೆ ಶಾಯಿ ಪೆನ್ಸಿಲಿನ ಇಂಗ್ಲಿಷ್ ವಿಳಾಸ. 26ಕ್ಕೆ ಟಪಾಲಿನವನು ತಂದಾಗ ನಾವು ಬ್ಯಾಂಕಿನಲ್ಲಿದ್ದೆವು, ಆಜಿ ಸಹಿ ಮಾಡಿ ತೆಗೆದುಕೊಂಡಳು. ಸಂಜೆ ನಮಗೆ ಕೊಡುವಾಗ ಏನೂ ಹೇಳಲಿಲ್ಲ. ನನಗೆ ಹೊಳೆಯಲೂ ಇಲ್ಲ. ಪ್ರಭು ಸಂತೋಷದಲ್ಲಿ ಸ್ಟೀಲಿನ ಬಟ್ಟಲಿಗೆ ನಾಲ್ಕು ನೆವ್ರಿ, ಎರಡು ಚಕ್ಕುಲಿ ಹಾಕಿಕೊಂಡು ಕೆಳಗೆ ಹೋಗಿ ಆಜಿಗೆ ಕೊಟ್ಟು ಬಂದ. "ಕರಂಜಿ ಈ ದಿನಗಳಲ್ಲಿ?" ಎಂದಳಂತೆ. ಅಮ್ಮ ಕಳಿಸಿದ್ದು ಎಂದನಂತೆ.

ಮರುದಿನ ಬೆಳಿಗ್ಗೆ ಬಟ್ಟಲು ನಮ್ಮ ಹೊಸ್ತಿಲ ಹೊರಗಿತ್ತು. ತಿಕ್ಕಿ ತೊಳೆದು, ಒರೆಸಿ, ಬೋರಲು ಹಾಕಿತ್ತು. ಖಾಲಿ.

ಬಟ್ಟಲು ಖಾಲಿ ತಿರುಗಿಸುವ ಮನೆ ಅದಾಗಿರಲಿಲ್ಲ. ಧಾರವಾಡದಿಂದ ಅವ್ವನ ಚುರಮರಿ ಚೂಡಾ ಕೊಟ್ಟರೆ ಅದೇ ಡಬ್ಬಿಯಲ್ಲಿ ಮೆಂತ್ಯದ ಲಾಡು ಬರುತ್ತಿತ್ತು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು. ಬಟ್ಟಲನ್ನು ಎತ್ತಿ ಎರಡು ಸಲ ಒಳಗೆ ನೋಡಿದೆ, ಸಕ್ಕರೆಯ ಕಾಳೊಂದು ಅಂಟಿಕೊಂಡಿದೆಯೋ ಎಂದು. ಪ್ರಭು ಗಡ್ಡ ಕೆರೆಯುತ್ತ ಕನ್ನಡಿಯಲ್ಲೇ ನನ್ನನ್ನು ನೋಡುತ್ತಿದ್ದ. ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ.

ನಕ್ಷತ್ರ ಇಳಿಸಬೇಕಾದದ್ದು ಜನವರಿ 6ಕ್ಕೆ. ಅದು ಮೂವರು ರಾಯರ ಹಬ್ಬ, ಪೂರ್ವದಿಂದ ನಕ್ಷತ್ರ ನೋಡಿ ಬಂದ ಜ್ಞಾನಿಗಳು ಗೋದಲಿ ತಲುಪಿದ ದಿನ. ಬಜಪೆಯ ಅವನ ಅಜ್ಜಿ ಮೂವರು ರಾಯರ ಮಣ್ಣಿನ ಗೊಂಬೆಗಳನ್ನು ಕ್ರಿಸ್ಮಸಿನ ದಿನ ಮನೆಯ ಬಾಗಿಲ ಹತ್ತಿರ ಇಟ್ಟು, ದಿನಕ್ಕೆ ಒಂದೊಂದು ಗೇಣು ಗೋದಲಿಯ ಕಡೆ ಸರಿಸುತ್ತಿದ್ದಳಂತೆ. ಮಕ್ಕಳು ಆತುರಪಟ್ಟು ಒಂಟೆಯನ್ನು ಮುಂದೆ ಸರಿಸಿದರೆ ಅಜ್ಜಿ ಅದನ್ನು ಮತ್ತೆ ಹಿಂದಕ್ಕೆ ಇಡುತ್ತಿದ್ದಳು. ಅವರು ತಲುಪಿದ ಮೇಲೆ ನಕ್ಷತ್ರಕ್ಕೆ ಕೆಲಸವಿಲ್ಲ. ಇಂಗ್ಲೆಂಡಿನಲ್ಲೂ ಹನ್ನೆರಡನೆಯ ರಾತ್ರಿ ದಾಟಿ ತೋರಣ ಉಳಿದರೆ ಅಪಶಕುನವೆಂದು ನಂಬುತ್ತಾರೆ. ಹಳೆಯ ಕಾಲದಲ್ಲಿ ಅವರಲ್ಲೂ ಕೆಲವರು ಫೆಬ್ರವರಿ 2ರ ಮೇಣದಬತ್ತಿಯ ಹಬ್ಬದವರೆಗೆ ಎಳೆಯುತ್ತಿದ್ದರು. ಕ್ಯಾಥೊಲಿಕ್ ಸಭೆ 1969ರಲ್ಲಿ ಪಂಚಾಂಗ ತಿದ್ದಿ, ಕ್ರಿಸ್ಮಸ್ ಕಾಲವನ್ನು ಯೇಸುವಿನ ಸ್ನಾನದೀಕ್ಷೆಯ ಹಬ್ಬಕ್ಕೆ ಮುಗಿಸಿತು. ಅಂದರೆ ನಲ್ಲಿಯ ಹತ್ತಿರದ ನಮ್ಮ ಹೆಂಗಸರ ಚರ್ಚೆ ಜಗತ್ತಿನ ಎಲ್ಲ ಕಡೆಯೂ ನಡೆಯುತ್ತದೆ. ಇದೆಲ್ಲ ನಾನು ಆಮೇಲೆ ಓದಿಕೊಂಡದ್ದು. ಆ ದಿನ ನಮ್ಮ ಮುಂದಿದ್ದದ್ದು ಇಷ್ಟೇ: ಇಳಿಸಬೇಕಾದರೆ ಏಣಿ ಬೇಕು, ಏಣಿ ಬೇಕಾದರೆ ಆಜಿಯ ಹತ್ತಿರ ಹೋಗಿ ಕಾರಣ ಹೇಳಬೇಕು.

"ನೀನು ಕೇಳು," ಎಂದ ಅವನು.

"ಸಂಕ್ರಾಂತಿ ತನಕಾ ಧನುರ್ಮಾಸ ಅಂತ ಹೇಳೀನಿ. ಈಗ ಹೆಂಗ ಕೇಳ್ಲಿ?" ಎಂದೆ.

ಸುಳ್ಳಿನ ಅವಧಿ ಇನ್ನೂ ಒಂದು ವಾರ ಬಾಕಿಯಿತ್ತು, ಅದು ನಿಜ. ಆದರೆ ನನ್ನ ಅಂಜಿಕೆ ಅದಾಗಿರಲಿಲ್ಲ.

ಸಂಕ್ರಾಂತಿಯ ಸಂಜೆ ಆಜಿ ಎಲ್ಲ ಬಾಡಿಗೆದಾರರನ್ನೂ ಕರೆದು ತಿಳಗೂಳ ಕೊಟ್ಟಳು, ನಮಗಿಬ್ಬರಿಗೂ. ತಿಳಗೂಳ ತಗೊಳ್ಳಿ, ಸಿಹಿಯಾಗಿ ಮಾತಾಡಿ ಎಂದು ಅಲ್ಲಿಯ ರೂಢಿ. ಅವನ ಅಂಗೈ ಮೇಲೆ ಎಳ್ಳುಂಡೆ ಇಡುವಾಗ ಆಕೆಯ ಬೆರಳು ತಾಗದ ಹಾಗೆ ಒಂದಂಗುಲ ಮೇಲಿಂದ ಬಿಟ್ಟಳು. ನನಗೂ ಹಾಗೆಯೇ ಬಿಟ್ಟಳೇ ಎಂದು ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಮರುದಿನ ನನ್ನನ್ನೊಬ್ಬನನ್ನೇ ಕೆಳಗೆ ಕರೆದು ಹೇಳಿದಳು: ಕಾಗದದಲ್ಲಿ ಒಬ್ಬರೇ ಎಂದಿದೆ. ಇಬ್ಬರಿರುವ ಹಾಗಿಲ್ಲ. ತಿಂಗಳ ಕೊನೆಯವರೆಗೆ ಸಮಯವಿದೆ.

ಧರ್ಮದ ಮಾತು ಆಕೆ ಎತ್ತಲಿಲ್ಲ. ಮುಂದೆ ಬಹಳ ವರ್ಷ ನಾನು ಈ ಎಳೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. 1947ರ ಮುಂಬಯಿ ಬಾಡಿಗೆ ಕಾಯ್ದೆಯಿಂದಾಗಿ ಪುಣೆಯ ವಾಡೆಗಳ ಮಾಲಕರು ಬಾಡಿಗೆದಾರರಿಗೆ ಹೆದರಿ ಸಾಯುತ್ತಿದ್ದರು. ಒಮ್ಮೆ ಒಳಗೆ ಬಂದವನು ಮೊಮ್ಮಕ್ಕಳಾದರೂ ಬಿಡುವುದಿಲ್ಲ, ಬಾಡಿಗೆ ಏರಿಸುವ ಹಾಗಿಲ್ಲ, ಸೋರುವ ಮಾಡು ರಿಪೇರಿ ಮಾಡಿಸಲು ದುಡ್ಡಿಲ್ಲ. ಎಷ್ಟೋ ವಾಡೆಗಳು ಹಾಗೆಯೇ ಕುಸಿದವು. ಒಂಟಿ ಮುದುಕಿ ಎರಡನೆಯ ಹೆಸರಿಗೆ ಹೆದರಿದರೆ ತಪ್ಪೇನು? ಹೀಗೆ ನನಗೆ ನಾನೇ ವಕೀಲನಾಗಿದ್ದೆ. ಆದರೆ ಪ್ರಭು ನನ್ನ ಖೋಲಿಗೆ ಬಂದು ಆಗಲೇ ಎಂಟು ತಿಂಗಳಾಗಿತ್ತು. ಎಂಟು ತಿಂಗಳು ಆ ಕಾಗದ ಆಕೆಯ ಟ್ರಂಕಿನಲ್ಲೇ ಇತ್ತು.

ಆಕೆಯ ಬಗ್ಗೆ ಇಷ್ಟು ಬರೆದ ಮೇಲೆ ನನ್ನ ಬಗ್ಗೆಯೂ ಬರೆಯಬೇಕು. ನಾನು ಆಜಿಗೆ ಏನೂ ಹೇಳಲಿಲ್ಲ. "ಹೌದ್ರೀ" ಎಂದು ಮೇಲೆ ಬಂದೆ. ಪ್ರಭುವಿಗೆ, "ಮುದುಕಿ ಅಗ್ರೀಮೆಂಟ್ ಅಂತ ಹಟ ಹಿಡಿದಾಳ" ಎಂದೆ. ಅವನು ಆಯಿತು ಎಂದ. ಜನವರಿಯ ಕೊನೆಯ ಭಾನುವಾರ ಅವನ ಟ್ರಂಕು, ಹಾಸಿಗೆ ಸುರುಳಿ ರಿಕ್ಷಾಕ್ಕೆ ಏರಿದವು. ನಾನಾ ಪೇಠದಲ್ಲಿ ಯಾರೋ ಅವರವರೇ ಜಾಗ ಕೊಟ್ಟಿದ್ದರು. ರಿಕ್ಷಾದೊಳಗಿಂದ ಬಗ್ಗಿ ಮೇಲೆ ನೋಡಿ, "ನಕ್ಷತ್ರ ಇಳಿಸ್ಲಿಕ್ಕೆ ಆಗ್ಲೇ ಇಲ್ಲ ಅಲ್ವಾ," ಎಂದ. ನಾನು ಇಳಿಸ್ತೀನಿ ಬಿಡು ಎಂದೆ. ನಾನೂ ಅವನೊಂದಿಗೆ ಖೋಲಿ ಬಿಡಬಹುದಿತ್ತು. ಅದು ಯೋಚನೆಗೇ ಬರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳು. ಬಂದಿತ್ತು. ಅಷ್ಟು ಅಗ್ಗಕ್ಕೆ, ಬ್ಯಾಂಕಿಗೆ ಅಷ್ಟು ಹತ್ತಿರಕ್ಕೆ ಬೇರೆ ಖೋಲಿ ಸಿಗುವುದಿಲ್ಲ ಎಂಬ ಲೆಕ್ಕವೂ ಜೊತೆಗೇ ಬಂದಿತ್ತು. ಆ ಖೋಲಿಯಲ್ಲಿ ಆಮೇಲೆ ಎರಡೂವರೆ ವರ್ಷ ಇದ್ದೆ.

ಚಾಂದಣಿಯನ್ನು ನಾನು ಇಳಿಸಲಿಲ್ಲ. ಬಲ್ಬು ಆರಿಸಿದೆ, ಅಷ್ಟೆ. ಫೆಬ್ರವರಿ ಹೋಯಿತು, ಹೋಳಿ ಹೋಯಿತು. ರಂಗಪಂಚಮಿಯ ದಿನ ಹುಡುಗರು ಕೆಳಗಿಂದ ಪಿಚಕಾರಿ ಹೊಡೆದು ಅದರ ಒಂದು ಮೂಲೆಗೆ ಹಸಿರು ಹತ್ತಿ ಇಳಿಯಿತು. ಅಚ್ಚರಿಯೆಂದರೆ ಆಜಿಯೂ ಏನೂ ಅನ್ನಲಿಲ್ಲ. ಸದಾಶಿವ ಪೇಠದಲ್ಲಿ ಬಟ್ಟೆ ಒಣಹಾಕುವ ಹಗ್ಗ ಒಂದು ಗೇಣು ಆಚೆ ಬಂದರೂ ಹಲಗೆ ಬರೆಯುವ ಹೆಂಗಸು, ಶಾಸ್ತ್ರ ತಪ್ಪಿದ ಕಂದೀಲಿನ ಕೆಳಗೆ ದಿನಾ ಓಡಾಡುತ್ತಿದ್ದಳು. ಕೆಲಸದವಳು ಒಮ್ಮೆ ಕೋಲಿನಿಂದ ಹರಿದು ಹಾಕಲು ಹೋದಾಗ ಕೆಳಗಿನಿಂದ ಆಜಿಯ ದನಿ ಕೇಳಿತು: "ಬಿಡು. ಕಟ್ಟಿದವರು ಇಳಿಸಲಿ."

ಇದನ್ನು ಏನೆಂದು ತಿಳಿಯಬೇಕೋ ಇವತ್ತಿಗೂ ಗೊತ್ತಾಗಿಲ್ಲ. ಪಶ್ಚಾತ್ತಾಪ ಎಂದು ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಆ ಕಾಲಕ್ಕೆ ನನಗೆ ಅದು ಬೇಕಾಗಿತ್ತು. ಮೈಲಿಗೆಯ ವಸ್ತುವನ್ನು ತನ್ನ ಕೈಯಿಂದಲೂ ತನ್ನವರ ಕೈಯಿಂದಲೂ ಮುಟ್ಟಿಸಬಾರದೆಂಬ ಎಚ್ಚರಿಕೆಯೂ ಇದ್ದೀತು. ಬರೀ ನನ್ನನ್ನು ಶಿಕ್ಷಿಸುವ ಉಪಾಯವೂ ಇದ್ದೀತು. ಆಕೆ ಹಾಗೆ ಮಾಡಬಲ್ಲವಳೇ.

ಕೊನೆಗೆ ದಿನ ಗೊತ್ತುಮಾಡಿದ್ದು ಪಾಡ್ಯ. 1985ರ ಮಾರ್ಚ್ 22 ಯುಗಾದಿ, ಅವರ ಗುಡಿಪಾಡವಾ. ಗ್ಯಾಲರಿಯ ಆ ತೊಲೆಗೇ ವಾಡೆಯ ಗುಡಿ, ಅಂದರೆ ಹಬ್ಬದ ಕೋಲು, ಕಟ್ಟುವುದು ರೂಢಿ. ಹಿಂದಿನ ಸಂಜೆ ಆಜಿ ತಾನಾಗಿಯೇ ಏಣಿಯನ್ನು ಗ್ಯಾಲರಿಗೆ ತರಿಸಿ ಗೋಡೆಗೆ ಒರಗಿಸಿ ಹೋದಳು. ಮೊದಲ ಸಲ, ಕಾರಣ ಕೇಳದೆ. ನಾನು ಹತ್ತಿದೆ. ಹತ್ತಿರದಿಂದ ನೋಡಿದರೆ ಜಿಲೇಟಿನ್ ಹಾಳೆ ಮುಟ್ಟಿದರೆ ಪುಡಿಯಾಗುವಂತಿತ್ತು. ಒಳಗೆ ನಲವತ್ತರ ಬಲ್ಬಿನ ಮೇಲೆ ಧೂಳು, ಹೋಲ್ಡರಿನ ಸುತ್ತ ಒಣಗಿದ ದೀಪದ ಹುಳಗಳ ರಾಶಿ, ಒಂದು ಕಡೆ ಗುಬ್ಬಿಯೊಂದು ಗೂಡಿಗೆ ಶುರುಮಾಡಿ ಬಿಟ್ಟುಹೋದ ನಾಲ್ಕು ಹುಲ್ಲುಕಡ್ಡಿ. ಗಂಟು ಬಿಚ್ಚಲು ನೋಡಿದೆ. ಎಳೆದಷ್ಟೂ ಬಿಗಿಯಾಯಿತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಕೊನೆಗೆ ಖೋಲಿಯೊಳಗೆ ಹೋಗಿ ಗಡ್ಡದ ಬ್ಲೇಡು ತಂದು ಕೊಯ್ದೆ. ಚಾಂದಣಿ ಕೈಗೆ ಬಂತು. ಗಂಟು ಮೊಳೆಯಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಅದರ ಮೇಲೆಯೇ ಬಿದಿರ ಕೋಲು ಕಟ್ಟಿದರು. ತುದಿಗೆ ಜರಿಯ ಖಣ, ಬೇವಿನ ಟೊಂಗೆ, ಸಕ್ಕರೆಯ ಸರ, ಮೇಲೆ ಬೋರಲು ಹಾಕಿದ ತಾಮ್ರದ ತಂಬಿಗೆ. ಆಜಿ ನನ್ನ ಕೈಗೆ ಬೇವು ಬೆಲ್ಲ ಇಟ್ಟಳು. ತಿಂದೆ.

ಪ್ರಭು ಆ ವರ್ಷದ ಕೊನೆಗೆ ಮಂಗಳೂರಿಗೆ ವರ್ಗ ಮಾಡಿಸಿಕೊಂಡ. ನಾವು ಜಗಳವಾಡಲಿಲ್ಲ. ಮದುವೆಗಳಿಗೆ ಕರೆದಿದ್ದೇವೆ, ಹೋಗಿದ್ದೇವೆ. ಅವನ ಮನೆಯಲ್ಲಿ ಕುಸ್ವಾರು ತಿಂದಿದ್ದೇನೆ, ಬಟ್ಟಲು ತುಂಬ. ಆ ಜನವರಿಯ ಬಗ್ಗೆ ಮಾತ್ರ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಚಹಾ ಮುಗಿಸಿ, ಎದುರಿನ ಕಟ್ಟೆಯ ಮೇಲೆ ಕೂತು, ಮೂರನೇ ಮಹಡಿಯ ಚಾಂದಣಿಯನ್ನು ಮೊಬೈಲಿನಲ್ಲಿ ಹಿಡಿದು ಅವನಿಗೆ ಕಳಿಸಿದೆ. ಕೆಳಗೆ ಏನು ಬರೆಯಬೇಕೆಂದು ತಿಳಿಯದೆ ಬರೀ 'ಸದಾಶಿವ ಪೇಠ' ಎಂದು ಬರೆದೆ. ಎರಡು ನಿಮಿಷಕ್ಕೆ ಫೋನು ಬಂತು. ಅವನ ದನಿ ಈಗ ಅಲುಗುತ್ತದೆ, ಬೈಪಾಸ್ ಆದ ಮೇಲೆ.

"ಇವತ್ತು ಎಷ್ಟು ತಾರೀಕು?" ಎಂದ.

"ಹದಿನೇಳು."

"ಹಾಗಾದ್ರೆ ತಡ ಆಯ್ತಲ್ಲ ಮಾರಾಯ," ಎಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ, ಊಟ ಆಯ್ತಾ ಎಂದು ಕೇಳಿದ.